ಮರೆವ್ವನ ಕೈಯಚ್ಚು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂಕಾಲಿಗೆ ಬಿಳಿಕಟ್ಟಿ ನಗರಸಭೆಯ ಎದುರು ಸತ್ಯಾಗ್ರಹಕ್ಕೆ ಕೂತಿದ್ದ ನಾನೂರು ಪೌರಕಾರ್ಮಿಕರತ್ತ ಏಳು ಸಣ್ಣ ವಿಮಾನಗಳು ಬಂದವು. ಪ್ರತಿಯೊಂದೂ ಖಾರದ ಹೊಗೆಯ ಒಂದೊಂದು ಡಬ್ಬಿ ಬಿಟ್ಟಿತು. ಆರು ಡಬ್ಬಿ ನೆಲಕ್ಕೆ ಬಿದ್ದವು. ಏಳನೆಯದು, ಗುಂಪಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ನೀರಿನ ಟ್ಯಾಂಕರಿನ ನಲ್ಲಿಗೆ ಕೊಡ ಹಿಡಿದು ನಿಂತಿದ್ದ ಹುಲಿಗೆವ್ವ ಎಂಬ ಮೂವತ್ತೆಂಟು ವರ್ಷದ ಹೆಂಗಸಿನ ಮುಖಕ್ಕೆ ಬಡಿದು ಒಡೆಯಿತು. ಎಡಗಣ್ಣು ಅಲ್ಲೇ ಹೋಯಿತು. ಬಲಗಣ್ಣು ಸುಟ್ಟಿತು. ಹನ್ನೊಂದು ಗಂಟೆಗೆ ಆಕೆಯ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಪ್ರಕರಣ ದಾಖಲಾಯಿತು.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಕೆಗೆ ಕೊನೆಯ ಮಂಚ ಕೊಟ್ಟಿದ್ದರು. ಎರಡೂ ಕಣ್ಣಿಗೆ ಪಟ್ಟಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬಳು ಪೊಲೀಸು, ಕಣ್ಣು ಕಟ್ಟಿದ ಹೆಂಗಸು ಎಲ್ಲಿ ಓಡಿಹೋಗುತ್ತಾಳೋ ಎಂದು ಕಾಯುತ್ತಿದ್ದಳು. ಸಂಜೆ ಐದಕ್ಕೆ ನಾದಿನಿ ಮರೆವ್ವ ಬಂದು ಮಂಚದ ಪಕ್ಕ ಸುಮ್ಮನೆ ನಿಂತಳು.

"ಮರೆವ್ವನೇನ?" ಎಂದಳು ಹುಲಿಗೆವ್ವ.

"ಹೆಂಗ ಗೊತ್ತಾತು ಅತ್ತಿಗಿ?"

"ಅಂಟಿನ ವಾಸನಿ. ಸಾಬೂನು ಹಚ್ಚಿ ಜಳಕಾ ಮಾಡಿದ್ರೂ ಅಂಟಿನ ವಾಸನಿ ಹೊಡಿಯಾಕಿ ನಮ್ಮನ್ಯಾಗ ನೀ ಒಬ್ಬಾಕಿ. ಕುಂದ್ರು."

ಮರೆವ್ವ ಕೂತಳು. ಸೆರಗಿನ ಅಂಚಿಗೆ ಹತ್ತಿದ್ದ ಒಣ ಅಂಟು ಕೆರೆದಳು. ಕಡೆಗೆ ಕೇಳಿದಳು: "ಎಲ್ಲಾರೂ ಓಡಿದ್ರಂತ. ನೀ ಯಾಕ ಓಡಲಿಲ್ಲ?"

"ಕೊಡ ತುಂಬಿರಲಿಲ್ಲ."

ಬಾಗಿಲಲ್ಲಿದ್ದ ಪೊಲೀಸಿನವಳು ಕಿಸಕ್ಕೆಂದು, ಮತ್ತೆ ಮುಖ ಬಿಗಿದುಕೊಂಡಳು. ಮರೆವ್ವ ನಗಲಿಲ್ಲ. ಹುಲಿಗೆವ್ವ ಕೈ ಚಾಚಿ ನಾದಿನಿಯ ಮೊಣಕಾಲು ಹುಡುಕಿ ಅದರ ಮೇಲೆ ಅಂಗೈ ಇಟ್ಟಳು.

"ಖರೆ ಹೇಳ್ಲಿ? ಆ ವಿಮಾನ ತಿರುಗೂದು ನೋಡಿದೆ. ತಿರುಗೂಕಿಂತ ಮೊದಲ ಎಡ ರೆಕ್ಕಿ ಒಂದೀಟು ಕೆಳಗ ಮಾಡಿ, ಮತ್ತ ಎತ್ತಿ, ಆಮ್ಯಾಗ ತಿರುಗಿತು. ತುಂಬಿದ ಬುಟ್ಟಿ ಹೊತ್ತಾಕಿ ಓಣ್ಯಾಗ ಹೊರಳಿದಂಗ. ಹಂಗ ತಿರುಗಸಾಕಿ ನೀ ಒಬ್ಬಾಕಿ. ನಮ್ಮ ಮರೆವ್ವಂದು ಕೈ ಇದು ಅನಕೊಂಡೆ. ನಿನ್ನ ಕೈ ಮಂದಿ ತಲಿ ಮ್ಯಾಲ ಬರೂದಿಲ್ಲ. ಹನ್ನೆರಡು ವರ್ಷದಾಗ ಒಂದ್ ಸಲನೂ ಬಂದಿಲ್ಲ. ಅದಕ್ಕ ಓಡಲಿಲ್ಲ. ಮಾರಿ ಎತ್ತಿ ನೋಡಕೋತ ನಿಂತೆ."

ಮರೆವ್ವ ಮೊಣಕಾಲು ಹಿಂದಕ್ಕೆ ಎಳೆದುಕೊಂಡಳು.

"ನೀನಲ್ಲ ಹೌದಲ್ಲೋ?"

"ನಾನಲ್ಲ ಅತ್ತಿಗಿ."

"ಮತ್ತ ಯಾರು?"

"ನನ್ನ ಕೈ," ಎಂದಳು ಮರೆವ್ವ.

*

ಮರೆವ್ವನ ಕೈ ಅವಳ ಮೈಯಿಂದ ಬೇರೆಯಾದದ್ದು ಹೀಗೆ.

ಬಿಳಿಕಟ್ಟಿಯ ಕಸದ ಗುಡ್ಡ ಎಪ್ಪತ್ತು ಅಡಿ ಎತ್ತರ. ತುಂಬಿದ ಮೇಲೆ ಮಣ್ಣು ಮುಚ್ಚಿ ಮಟ್ಟ ಮಾಡಿದ್ದರು. ಊರಿನ ಬಯಲುಗಳೆಲ್ಲ ಒಂದೊಂದಾಗಿ ಯಾರದೋ ಬೇಲಿಯೊಳಗೆ ಹೋದ ಮೇಲೆ ಉಳಿದ ಒಂದೇ ಬಯಲು ಅದು, ಗುಡ್ಡದ ನೆತ್ತಿ. ಐಟಿಐಯಿಂದ ನಿವೃತ್ತರಾಗಿದ್ದ ದಸ್ತಗೀರ್ ಮಾಸ್ತರರು ರಿಮೋಟಿನ ಸಣ್ಣ ವಿಮಾನ ಹಾರಿಸಲು ನಾಲ್ಕೈದು ಜನ ಗೆಳೆಯರ ಜೊತೆ ಅಲ್ಲಿಗೆ ಬರುತ್ತಿದ್ದರು. ಗುಡ್ಡದ ಬುಡದಲ್ಲಿ ಕಸ ವಿಂಗಡಿಸುತ್ತಿದ್ದ ಮರೆವ್ವನಿಗೆ ಆಗ ಇಪ್ಪತ್ತೆರಡು. ಒಂದು ದಿನ ಬಿದ್ದ ವಿಮಾನವನ್ನು ಮೇಲೆ ತಂದು ಕೊಟ್ಟಳು. ಮುರಿದ ರೆಕ್ಕೆಗೆ ಕೊಡೆಯ ಕಡ್ಡಿಯೊಂದನ್ನು ಆಸರೆ ಕೊಟ್ಟು ಟೇಪು ಸುತ್ತಿದ್ದಳು.

"ಯಾರು ಕಲಿಸಿದ್ರು ನಿನಗ ಇದನ್ನ?" ಎಂದಿದ್ದರು ಮಾಸ್ತರರು.

"ಯಾರೂ ಇಲ್ರಿ. ಬುಟ್ಟಿ ಮುರದ್ರ ಹಿಂಗ ಕಟ್ತೀವಿ."

ಅಂದಿನಿಂದ ಅವಳು ಶಿಷ್ಯೆ. ಮಾಸ್ತರರ ಗೆಳೆಯರು ಹಗುರ ಮರದ ಕಿಟ್ ತರಿಸಿ ಜೋಡಿಸುತ್ತಿದ್ದರು. ಮರೆವ್ವ ಕಸದಿಂದ ಕಟ್ಟಿದಳು. ಫ್ರಿಜ್ಜಿನ ಡಬ್ಬದಲ್ಲಿ ಬರುವ ಥರ್ಮೋಕೋಲು ರೆಕ್ಕೆಯಾಯಿತು. ಹಳೆಯ ಕರೆಂಟಿನ ಒಲೆಯ ತಂತಿ ಬಿಚ್ಚಿ, ಕಾಯಿಸಿ, ಬೆಣ್ಣೆ ಕೊಯ್ದಂತೆ ಥರ್ಮೋಕೋಲನ್ನು ಕೊಯ್ಯುತ್ತಿದ್ದಳು. ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಎತ್ತಿ ಇಳಿಸಲು ಸೈಕಲ್ ಚಕ್ರದ ಕಡ್ಡಿ. ಮೋಟಾರು, ಬ್ಯಾಟರಿ ಎಲ್ಲ ಯಾರೋ ಎಸೆದ ಆಟಿಕೆ, ಫೋನುಗಳವು. ಒಂದು ರೆಕ್ಕೆ ಭಾರ, ಇನ್ನೊಂದು ಹಗುರ. ಒಂದು ನೆಟ್ಟಗೆ, ಒಂದು ಬಿಸಿಲಿಗೆ ಸೊಟ್ಟ. ಎರಡು ಬೆರಳ ತುದಿಯಲ್ಲಿ ವಿಮಾನ ಎತ್ತಿ, ಮೂತಿ ಯಾವ ಕಡೆ ವಾಲುತ್ತದೆ ನೋಡಿ, ಒಂದು ನಟ್ಟನ್ನೋ ಬೋಲ್ಟನ್ನೋ ಅಂಟಿಸುತ್ತಿದ್ದಳು. ಉಳಿದ ಸೊಟ್ಟನ್ನು ಹಾರುವಾಗ ಹೆಬ್ಬೆರಳೇ ತಿದ್ದಬೇಕು. ತಿದ್ದಿ ತಿದ್ದಿ ಎಂಥ ಸೊಟ್ಟ ವಿಮಾನವನ್ನು ಕೊಟ್ಟರೂ ಅವಳ ಕೈ ಅರೆಕ್ಷಣದಲ್ಲಿ ಅದರ ಸೊಟ್ಟನ್ನು ಹಿಡಿದುಬಿಡುತ್ತಿತ್ತು.

ಮಾಸ್ತರರು ಹಾರಿಸುವ ಮೊದಲು ದಿನಾ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಹಾರಿಸುವವರು ಗೆರೆಯ ಮೇಲೆ. ವಿಮಾನ ಯಾವತ್ತೂ ಗೆರೆಯ ಮುಂದೆ. ಹಿಂದೆ ಜನ ಇರುತ್ತಾರೆ, ಕಸ ಆಯುವವರು, ದನ ಕಾಯುವವರು. "ಮಂದಿ ತಲಿ ಮ್ಯಾಲ ಹಾರಿಸಿದಾಂವ ಅವತ್ತಿನ ಮಟ್ಟಿಗೆ ಮನಿಗೆ ನಡಿ," ಎನ್ನುತ್ತಿದ್ದರು. ಒಮ್ಮೆ ತಮ್ಮ ವಿಮಾನವೇ ಗಾಳಿಗೆ ಸಿಕ್ಕಿ ಗೆರೆ ದಾಟಿದಾಗ, ರಿಮೋಟು ಚೀಲಕ್ಕೆ ಹಾಕಿಕೊಂಡು ತಾವೇ ಮನೆಗೆ ಹೋದರು. ಅದನ್ನು ನೋಡಿದ ಮೇಲೆ ಮರೆವ್ವನಿಗೆ ಆ ನಿಯಮ ನೆನಪಿಡುವ ಸಂಗತಿಯಾಗಿ ಉಳಿಯಲಿಲ್ಲ. ಹೆಬ್ಬೆರಳಿಗೇ ಇಳಿಯಿತು.

ಮಾಸ್ತರರು ತೀರಿಕೊಂಡು ಎರಡು ವರ್ಷದ ಮೇಲೆ ವಿನುತಾ ಕೆರೂರ ಎಂಬ ಎಂಜಿನಿಯರ್ ಗುಡ್ಡ ಹತ್ತಿ ಬಂದಳು. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕರಿ ಪೆಟ್ಟಿಗೆ. ಅದರ ಹೆಸರು ಕೈಯಚ್ಚು. ಅದನ್ನು ರಿಮೋಟಿನೊಳಗೆ ಕೂರಿಸಿದರೆ, ಗಾಳಿ ಹೇಗಿದ್ದಾಗ, ವಿಮಾನ ಹೇಗೆ ವಾಲಿದಾಗ, ಯಾವ ಹೆಬ್ಬೆರಳು ಎಷ್ಟು ಸರಿಯಿತು ಎಂಬುದನ್ನೆಲ್ಲ ಕಲಿಯುತ್ತದೆ. ಮುನ್ನೂರು ಗಂಟೆ ಕಲಿತರೆ ಸಾಕು, ಆಮೇಲೆ ಆ ಪೆಟ್ಟಿಗೆಯನ್ನು ವಿಮಾನದೊಳಗೇ ಇಟ್ಟು, ಎಲ್ಲಿಗೆ ಹೋಗಬೇಕೆಂದಷ್ಟೇ ಹೇಳಿದರೆ, ಕಲಿಸಿದವರ ಕೈಯಂತೆಯೇ ಹಾರಿಸುತ್ತದೆ. ಒಂದನ್ನು ಸಾವಿರ ಮಾಡಬಹುದು.

"ಕಸದ ಗುಡ್ಡಗಳಿಗೆ ಬೆಂಕಿ ಬೀಳುತ್ತಲ್ಲ ಮರೆವ್ವ ಅವರೇ, ಅದನ್ನ ಮೊದಲೇ ಪತ್ತೆ ಮಾಡೋಕೆ," ಎಂದಿದ್ದಳು ವಿನುತಾ. ಹೊಗೆಯಲ್ಲಿ ಉಸಿರು ಕಟ್ಟಿ ಸತ್ತವರನ್ನು ಮರೆವ್ವ ಕಂಡಿದ್ದಳು. ಖುಷಿಯಿಂದ ತನ್ನ ಕೈ ಕೊಟ್ಟಳು. ಬೇಸಿಗೆ, ಮಳೆಗಾಲ ಎನ್ನದೆ ಮುನ್ನೂರು ಗಂಟೆ ಹಾರಿಸಿದಳು.

ಆಮೇಲೆ ವಿನುತಾಳ ಸಂಸ್ಥೆಯನ್ನು, ಪ್ರತಿಭಟನೆ ಚದುರಿಸುವ ಸರ್ಕಾರದ ಜನಸಂದಣಿ ಶಿಸ್ತು ಘಟಕ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಘಟಕದ ಬಳಿ ಮೊದಲು ಭಾರಿ ಯಂತ್ರಗಳಿದ್ದವು. ಜನ ಗಾಳಿಪಟದ ದಾರ ಬಿಟ್ಟು ಅವನ್ನು ಕೆಡವಿದರು. ಬಿದ್ದರೂ ಚಿಂತೆಯಿಲ್ಲದಂಥ ವಿಮಾನ ಬೇಕಿತ್ತು, ಥರ್ಮೋಕೋಲಿನದು, ಸೊಟ್ಟಪಟ್ಟ, ಗಂಟೆಗೆ ನೂರು ಅಚ್ಚೊತ್ತಿ ತೆಗೆಯುವಂಥದ್ದು. ಅಂಥ ಸೊಟ್ಟ ವಿಮಾನ ಹಾರಿಸಬಲ್ಲ ಕೈ ನಾಡಿನಲ್ಲಿ ಒಂದೇ ಇತ್ತು. ಅದು ಆಗಲೇ ಪೆಟ್ಟಿಗೆಯಲ್ಲಿತ್ತು.

*

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಘಟಕದ ಜೀಪು ಮರೆವ್ವನನ್ನು ಕರೆದೊಯ್ಯಿತು.

ನಿಯಂತ್ರಣ ಕೊಠಡಿ ತಣ್ಣಗಿತ್ತು. ಗೋಡೆಯಷ್ಟು ಅಗಲದ ಪರದೆ. ಘಟಕದ ಮುಖ್ಯಸ್ಥ ಪಟ್ಟಣಶೆಟ್ಟಿ ಚಹಾ ತರಿಸಿದ. ಮರೆವ್ವನಿಗೆ ಕಾಗದದ ಲೋಟ, ಅವನಿಗೆ ಪಿಂಗಾಣಿ ಕಪ್ಪು. ವಿನುತಾ ತಲೆ ಎತ್ತಲಿಲ್ಲ, ಕೀಲಿ ಒತ್ತಿದಳು.

ಪರದೆಯ ಮೇಲೆ ನಿನ್ನೆಯ ಬೆಳಿಗ್ಗೆ ಮೂಡಿತು. ಆಕಾಶದಿಂದ ತೆಗೆದ ಚಿತ್ರ. ಪೌರಕಾರ್ಮಿಕರ ಸಮವಸ್ತ್ರದ ಕೇಸರಿ ಸೀರೆಗಳ ಸಾಲು. ಏಳು ವಿಮಾನಗಳಿಗೂ ಒಂದೇ ಆಜ್ಞೆಯಿತ್ತು: ಗುಂಪಿನ ನಟ್ಟನಡುವೆ ಹೋಗಿ ಡಬ್ಬಿ ಬಿಡು. ಏಳೂ ನೆಟ್ಟಗೆ ಬಂದವು. ಮೊದಲ ಸಾಲಿನ ತಲೆಗಳು ಹತ್ತಿರವಾಗುತ್ತಲೇ ಏಳೂ, ಒಂದಾದ ಮೇಲೊಂದು, ಎಡ ರೆಕ್ಕೆ ಒಂದಿಷ್ಟು ತಗ್ಗಿಸಿ, ಎತ್ತಿ, ಪಕ್ಕಕ್ಕೆ ಹೊರಳಿದವು. ಒಂದೂ ತಲೆಯ ಮೇಲೆ ಹೋಗಲಿಲ್ಲ. ಹೊರಳುವಾಗಲೇ ಡಬ್ಬಿ ಕಳಚಿದ್ದರಿಂದ ಕವಣೆಯಿಂದ ಬೀಸಿದಂತೆ ಹೊರಗೆ ಚಿಮ್ಮಿತು. ಮೂಲೆಯಲ್ಲಿ ಒಂದು ಟ್ಯಾಂಕರ್. ಒಬ್ಬ ಹೆಂಗಸು ಮುಖ ಎತ್ತಿ ನಿಂತಿದ್ದಳು. ನಗುತ್ತಿದ್ದಳು.

"ನಿಲ್ಲಸ್ರಿ," ಎಂದಳು ಮರೆವ್ವ.

ವಿನುತಾ ನಿಲ್ಲಿಸಿದಳು.

"ನೋಡಿದೆಯಲ್ಲಮ್ಮ," ಎಂದ ಪಟ್ಟಣಶೆಟ್ಟಿ. ದನಿ ಮೃದುವಾಗಿತ್ತು. "ನಮ್ಮ ತಪ್ಪಿಲ್ಲ ಇದರಲ್ಲಿ. ನಿನ್ನ ಕೈಗೆ ಒಂದು ಅಂಜಿಕೆ ಇದೆ. ತಲೆ ಕಂಡರೆ ತಿರುಗುತ್ತೆ. ಆ ಅಂಜಿಕೆಯಿಂದಾಗಿ ನಿಮ್ಮತ್ತಿಗೆ ಕಣ್ಣು ಹೋಯ್ತು. ನಿನ್ನ ಕೈ ನೆಟ್ಟಗೆ ಹೋಗಿದ್ದರೆ ಡಬ್ಬಿ ಬೀಳಬೇಕಾದ ಕಡೆ ಬೀಳ್ತಿತ್ತು."

"ಎಲ್ಲಿ ಬೀಳಬೇಕಾಗಿತ್ರಿ?"

ಅವನು ಚಹಾ ಗುಟುಕರಿಸಿದ. ಮೇಜಿನ ಖಾನೆಯಿಂದ ಒಂದು ಅನುಮತಿಯ ಕಾಗದ ತೆಗೆದು ಅವಳೆದುರು ಸರಿಸಿದ. ಹುಲಿಗೆವ್ವ ಆರೋಪಿ. ಘಟಕದ ಅನುಮತಿ ಇಲ್ಲದೆ ಆಸ್ಪತ್ರೆ ಬಿಟ್ಟು ಕದಲುವಂತಿಲ್ಲ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಇಂದು ಸಂಜೆಯೊಳಗೆ ಹೊರಡದಿದ್ದರೆ ಬಲಗಣ್ಣೂ ಉಳಿಯುವುದಿಲ್ಲ ಎಂದು ಡಾಕ್ಟರು ಬರೆದಿದ್ದರು. ಆ ಚೀಟಿಯನ್ನು ಕಾಗದಕ್ಕೆ ಪಿನ್ ಮಾಡಿತ್ತು. ಎಲ್ಲ ಭರ್ತಿಯಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

"ನಲವತ್ತು ಸಲ ಹಾರಿಸು. ನಮ್ಮ ಬಯಲಲ್ಲಿ ಗೊಂಬೆ ನಿಲ್ಲಿಸಿದ್ದೇವೆ, ಜನ ಅಲ್ಲ. ಗೊಂಬೆಗಳ ತಲೆ ಮೇಲೆ ನೆಟ್ಟಗೆ ಹೋಗಿ ಡಬ್ಬಿ ಬಿಡಬೇಕು. ಪೆಟ್ಟಿಗೆ ಕಲಿತುಕೊಳ್ಳುತ್ತೆ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಐದಕ್ಕೆ ಮುಗಿಯುತ್ತೆ. ಐದಕ್ಕೇ ಸಹಿ."

"ಬ್ಯಾರೆ ಯಾರರ ಕೈಲೆ ಹಾರಸ್ರಿ."

"ನಾಲ್ಕು ಜನರ ಹತ್ತಿರ ಪ್ರಯತ್ನ ಮಾಡಿದ್ವಿ," ಎಂದಳು ವಿನುತಾ, ಮೊದಲ ಬಾರಿಗೆ. "ಎಲ್ಲ ನೆಲ ಕಚ್ಚಿದವು. ನೀವು ಕಟ್ಟಿದ ವಿಮಾನವನ್ನ ನೀವೇ ಹಾರಿಸಿದರೆ ಮಾತ್ರ ಹಳೇ ಪಾಠಕ್ಕೆ ಹೊಸದು ಕೂಡುತ್ತೆ. ಡಬ್ಬಿ ಬಿಡೋ ಹಾಗೆ ಸ್ವಲ್ಪ ಬದಲಾಯಿಸಿಕೊಂಡು ಬನ್ನಿ."

"ಬೆಂಕಿ ಪತ್ತೆ ಮಾಡಾಕ ಅಂದಿದ್ರಿ ಬಾಯಾರ."

ವಿನುತಾ ಪರದೆಯ ಕಡೆ ತಿರುಗಿದಳು. ಅಲ್ಲಿ ಹುಲಿಗೆವ್ವ ಇನ್ನೂ ನಗುತ್ತ ನಿಂತಿದ್ದಳು. ಆ ಕಡೆಯೂ ನೋಡಲಾರದೆ ತನ್ನ ಉಗುರು ನೋಡಿಕೊಂಡಳು.

*

ಮನೆಯಲ್ಲಿ ಅಣ್ಣ ನಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ನಿನ್ನೆಯಿಂದ ಸತ್ಯಾಗ್ರಹದ ಟೆಂಟಿಗೂ ಆಸ್ಪತ್ರೆಗೂ ಅಲೆದ ಮುಖ. ಮರೆವ್ವ ಎಲ್ಲ ಹೇಳಿದಳು. ಒಳಗೆ ಹೋಗಿ ಅಟ್ಟದಿಂದ ಒಂದು ವಿಮಾನ ಇಳಿಸಿದಳು.

ಡಬ್ಬಿಯನ್ನು ಎಲ್ಲಿ ಕಟ್ಟಬೇಕು? ಮೂತಿಗೆ ಕಟ್ಟಿದರೆ ಬಿಟ್ಟ ಕೂಡಲೇ ವಿಮಾನ ಮೇಲಕ್ಕೆ ಚಿಮ್ಮುತ್ತದೆ; ಬಾಲಕ್ಕೆ ಕಟ್ಟಿದರೆ ಮುಗ್ಗರಿಸುತ್ತದೆ. ಎರಡು ಬೆರಳ ಮೇಲೆ ಸಮ ನಿಲ್ಲುವ ಜಾಗದ ನೇರ ಕೆಳಗೇ ಕಟ್ಟಬೇಕು. ಹೊಟ್ಟೆಯ ಥರ್ಮೋಕೋಲನ್ನು ಬಿಸಿ ತಂತಿಯಲ್ಲಿ ಕೊಯ್ದು ಗೂಡು ಮಾಡಿದಳು. ಸೈಕಲ್ ಕಡ್ಡಿಯ ಚಿಲಕ ಮಾಡಿ, ಅದನ್ನೆಳೆಯಲು ಬೆರಳ ಗಾತ್ರದ ಇನ್ನೊಂದು ಮೋಟಾರು ಕೂರಿಸಿದಳು. ಕೆಲಸ ಕೆಟ್ಟದ್ದು ಎಂದು ಗೊತ್ತಿದ್ದರೂ ಕೈ ಅದನ್ನು ಕೆಟ್ಟದಾಗಿ ಮಾಡಲು ಒಪ್ಪಲಿಲ್ಲ. ಚಿಲಕ ಬಿಗಿಯಾಗಿತ್ತೆಂದು ಎರಡು ಸಲ ಉಜ್ಜಿ ನಯಮಾಡಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ನಿಂಗಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಹಾರಸ್ತೀಯಲ್ಲ?" ಎಂದ.

"ಯಣ್ಣ, ಕಲಿತ ಮ್ಯಾಲ ಅದು ಎಲ್ಲಾರ ತಲಿ ಮ್ಯಾಲ ಹೊಕ್ಕತಿ. ನಾಳೆ ನಿನ್ನ ತಲಿ ಮ್ಯಾಲ. ಮುಂದ ಯಾವ ಊರಾಗ ಯಾರು ಕುಂತ್ರೂ ಅವರ ತಲಿ ಮ್ಯಾಲ."

"ನನ್ನ ತಲಿ ಒಡದ್ರ ಒಡೀಲಿ. ನನ್ನ ಹೇಣ್ತಿ ಕಣ್ಣದು."

"ಗೊತ್ತೈತಿ."

"ಏನು ಗೊತ್ತೈತಿ ನಿನಗ? ಮುಂಜಾನೆ ಕೇಳಿದ್ಲು ಆಕಿ, ಬೆಳಕಾಗೇತೇನು ಅಂತ. ಏನು ಹೇಳ್ಲಿ? ಹೂಂ ಅಂದೆ. ಹೆಂಗೈತಿ ಇವತ್ತಿನ ಬಿಸಲು ಅಂದ್ಲು. ಇಪ್ಪತ್ತು ವರ್ಷ ಕತ್ತಲದಾಗ ಎದ್ದು ಊರು ಗುಡಿಸಿದಾಕಿ. ಬಿಸಲು ಹೆಂಗೈತಿ ಅಂತ ನನ್ನ ಕೇಳ್ತಾಳ." ಅವನ ದನಿ ಒಡೆಯಿತು. "ಭಾಷಣ ಮಾಡಾಕ ನನಗೂ ಬರತೈತಿ ತಂಗಿ. ಟೆಂಟಿನ್ಯಾಗ ದಿನಾ ಮಾಡೀನಿ. ಇವತ್ತು ಬ್ಯಾಡ. ಇವತ್ತು ಹಾರಿಸು."

ಮರೆವ್ವ ಬ್ಯಾಟರಿ ಸಿಕ್ಕಿಸಿದಳು. ರೆಕ್ಕೆಯ ಪಟ್ಟಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಿಸುಕಿ ಸುಮ್ಮನಾದವು.

"ಹಾರಸ್ತೀನಿ," ಎಂದಳು.

*

ಘಟಕದ ಪರೀಕ್ಷಾ ಬಯಲು ಊರಾಚೆ, ಮುಳ್ಳುತಂತಿಯೊಳಗೆ. ಒಂದು ಬದಿಗೆ ಗಾಜಿನ ಕೊಠಡಿ. ಅದರ ಮುಂದೆ ಮರೆವ್ವ ನಿಲ್ಲಬೇಕಾದ ಸಿಮೆಂಟಿನ ಕಟ್ಟೆ. ನೂರು ಹೆಜ್ಜೆ ಆಚೆ ಹತ್ತು ಸಾಲು ಗೊಂಬೆಗಳು, ಕೂತ ಭಂಗಿಯಲ್ಲಿ. ಬಟ್ಟೆ ಅಂಗಡಿಯ ಗೊಂಬೆಗಳನ್ನು ಕಾಲು ಮಡಿಚಿ ಕೂರಿಸಿದ್ದರು. ಎಲ್ಲಕ್ಕೂ ಹಸಿರು ಅಂಚಿನ ಕೇಸರಿ ಸೀರೆ.

"ಸೀರಿ ಯಾಕ ಉಡಿಸೀರಿ ಬಾಯಾರ?" ಎಂದು ಮರೆವ್ವ ಕೇಳಿದಳು.

"ಪೆಟ್ಟಿಗೆ ಬಣ್ಣ ಗುರುತಿಸೋಕೆ," ಎಂದಳು ವಿನುತಾ.

ಸಾಲು ಸಾಲಿನ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಕೂತಿತ್ತು. ಡಬ್ಬಿ ಬೀಳಬೇಕಾದ ಕಡೆ ಎಂದರೆ ನೆಲ ಅಲ್ಲ.

ಗಾಳಿಗೆ ತುದಿಯ ಗೊಂಬೆಯೊಂದು ಉರುಳಿತು. ಕಾವಲಿನವನೊಬ್ಬ ಅದನ್ನು ಎತ್ತಿ ಕೂರಿಸಲು ಓಡಿದ. ಕೂಡಲೇ ಕಂಬದ ಮೇಲಿನ ಕೆಂಪು ದೀಪ ಹತ್ತಿ, ಧ್ವನಿವರ್ಧಕದಲ್ಲಿ ಇಂಪಾದ ಹೆಣ್ಣುದನಿ ಕೇಳಿತು: "ಪರೀಕ್ಷಾ ಬಯಲಿನಲ್ಲಿ ವ್ಯಕ್ತಿ ಇದ್ದಾರೆ. ಸುರಕ್ಷತೆಯ ದೃಷ್ಟಿಯಿಂದ ಹಾರಾಟ ತಡೆಹಿಡಿಯಲಾಗಿದೆ." ಅವನು ತಂತಿಯಾಚೆ ಬಂದ ಮೇಲೆ ದೀಪ ಹಸಿರಾಯಿತು.

"ಶುರು ಮಾಡಮ್ಮ," ಎಂದ ಪಟ್ಟಣಶೆಟ್ಟಿ.

ಮರಳು ತುಂಬಿದ ಡಬ್ಬಿ ಕಟ್ಟಿದ ವಿಮಾನವನ್ನು ಮರೆವ್ವ ಎಡಗೈಯಲ್ಲಿ ಎತ್ತಿ ಗಾಳಿಗೆದುರು ತಳ್ಳಿದಳು. ಏರಿತು. ಸುತ್ತು ಹಾಕಿಸಿ ಗೊಂಬೆಗಳತ್ತ ತಿರುಗಿಸಿದಳು. ಮೊದಲ ಸಾಲು ಬಂತು. ವಿಮಾನ ಹೊರಳಿತು. ತಾನು ಹೊರಳಿಸಿದೆನೆಂದು ಅವಳಿಗೆ ಗೊತ್ತಾದದ್ದು ಅದು ಹೊರಳಿದ ಮೇಲೆ.

"ಇನ್ನೊಂದು ಸಲ."

ಮತ್ತೆ ಹೊರಳಿತು. ಮತ್ತೆ. ಐದನೆಯ ಸಲಕ್ಕೆ ಹೆಬ್ಬೆರಳು ಬಿಗಿಹಿಡಿದು, ಹಲ್ಲು ಕಚ್ಚಿ, ಅತ್ತಿಗೆಯ ಮುಖ ಕಣ್ಣೆದುರು ತಂದುಕೊಂಡು ದಾಟಿಸಿದಳು. ವಿಮಾನದ ನೆರಳು ಕೇಸರಿ ತಲೆಗಳ ಮೇಲೆ ಹರಿದುಹೋಯಿತು. ಚಿಲಕ ಎಳೆದಳು. ಡಬ್ಬಿ ಒಂದು ಗೊಂಬೆಯ ನೆತ್ತಿಗೆ ಬಡಿದು, ಪ್ಲಾಸ್ಟಿಕ್ ಬಿರಿದ ಸದ್ದು ನೂರು ಹೆಜ್ಜೆ ಈಚೆಗೂ ಕೇಳಿತು.

"ಒಂದು!" ಎಂದು ಪಟ್ಟಣಶೆಟ್ಟಿ ಕೂಗಿದ. "ನೋಡು, ಎಷ್ಟು ಸಲೀಸು. ಸುಮ್ಮನೆ ಹೆದರಿದ್ದೆ."

ಎರಡು. ಮೂರು. ಪ್ರತಿ ಸಲ ಕಾವಲಿನವನು ಓಡಿಹೋಗಿ ಡಬ್ಬಿ ಆರಿಸಿ ತರುತ್ತಿದ್ದ, ದೀಪ ಕೆಂಪಾಗಿ ಮತ್ತೆ ಹಸಿರಾಗುತ್ತಿತ್ತು. ನಾಲ್ಕನೆಯದಕ್ಕೆ ಹಲ್ಲು ಕಚ್ಚಬೇಕಾಗಲಿಲ್ಲ. ಆರನೆಯದಕ್ಕೆ ಅತ್ತಿಗೆಯ ಮುಖವೂ ಬೇಕಾಗಲಿಲ್ಲ. ಕೈ ತಾನಾಗಿ ಹೋಯಿತು. ಅದು ತಿಳಿದಾಗ ಮರೆವ್ವ ವಿಮಾನ ಇಳಿಸಿ ಹೆಬ್ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು.

"ಸ್ವಲ್ಪ ನಿಲ್ಲಿ," ಎಂದಳು ವಿನುತಾ. "ಪೆಟ್ಟಿಗೆ ಎಷ್ಟು ಕಲಿತಿದೆ ನೋಡ್ತೀನಿ."

ಘಟಕದ ವಿಮಾನವೊಂದು ತಾನೇ ಎದ್ದಿತು. ಮರೆವ್ವ ಕೈ ಕಟ್ಟಿ ನೋಡಿದಳು. ತನ್ನ ಹಾಗೆಯೇ ಗಾಳಿಯನ್ನು ಕೆಣಕಿ ಏರಿತು. ತನ್ನ ಹಾಗೆಯೇ ಸೊಟ್ಟನ್ನು ತಿದ್ದಿಕೊಂಡಿತು. ಮೊದಲ ಸಾಲಿನ ಮೇಲೆ ನೆಟ್ಟಗೆ ಹೋಯಿತು. ಎರಡನೆಯ ಸಾಲು ಬಂದಾಗ ಅರೆಕ್ಷಣ ತಡವರಿಸಿ, ಎಡ ರೆಕ್ಕೆ ತಗ್ಗಿಸಿ, ಪಕ್ಕಕ್ಕೆ ಹೊರಳಿತು.

"ಆರು ಪಾಠಕ್ಕೆ ಒಂದು ಸಾಲು," ಎಂದಳು ವಿನುತಾ. ಎಂಜಿನಿಯರಿನ ಸಂತೋಷ ದನಿಯಲ್ಲಿ ನುಸುಳಿಬಿಟ್ಟಿತ್ತು. "ನಲವತ್ತಕ್ಕೆ ಪೂರ್ತಿ ದಾಟುತ್ತೆ ಸಾರ್. ಇಲ್ಲಿಗೇ ನಿಲ್ಲಿಸಿದರೆ ಮಾತ್ರ ಹಳೇ ಮುನ್ನೂರು ಗಂಟೆ ಈ ಆರನ್ನ ಅಳಿಸಿಹಾಕುತ್ತೆ."

"ನಿಲ್ಲಿಸೋದು ಯಾಕೆ? ನಡೀಲಿ. ಗಂಟೆ ಎರಡೂಮುಕ್ಕಾಲಾಯ್ತು."

ಮರೆವ್ವನ ಫೋನು ಗುರುಗುಟ್ಟಿತು. ನಿಂಗಪ್ಪ. "ಆತೇನು? ಆಂಬುಲೆನ್ಸ್ ಬಾಗಲದಾಗ ನಿಂತೈತಿ. ಡಾಕ್ಟರು ಗಡಿಯಾರ ನೋಡಾಕತ್ತಾರ."

"ಇನ್ನಾ ಇಲ್ಲ ಯಣ್ಣ."

"ಎಷ್ಟಾದವು?"

"ಆರು."

ಅವಳು ಫೋನು ಇಟ್ಟು ಬಯಲನ್ನು ನೋಡಿದಳು. ನೆತ್ತಿ ಬಿರಿದ ಆರು ಗೊಂಬೆಗಳು. ಅವುಗಳ ಪಕ್ಕದಲ್ಲಿ, ಮುಂದಿನದಕ್ಕೆ ಕಾದು ಕೂತ ಉಳಿದವು. ಮಾಸ್ತರರ ಗೆಳೆಯರು ಬಿಟ್ಟರೆ ತನ್ನ ಕೈಯನ್ನು ಆಕಾಶದಲ್ಲಿ ಓದಬಲ್ಲವಳು ಒಬ್ಬಳೇ ಇದ್ದಳು. ಆ ಕೈಯನ್ನು ನಂಬಿ ಮುಖ ಎತ್ತಿದಳು. ಇನ್ನು ಮೂವತ್ತನಾಲ್ಕು ಸಲ ಹಾರಿಸಿದರೆ ಆಕೆಯ ಒಂದು ಕಣ್ಣು ಉಳಿದೀತು. ಆ ಕಣ್ಣು ತೆರೆದು ಆಕೆ ನೋಡುವ ಆಕಾಶದಲ್ಲಿ ಈ ಕೈ ಇರುತ್ತದೆ, ಎಲ್ಲ ಸಾಲು ದಾಟಲು ಕಲಿತು.

ಹಾಗಂತ ಆ ಕಣ್ಣು ಬೇಡ ಎನ್ನಲು ತಾನು ಯಾರು? ಉತ್ತರ ಹುಡುಕುತ್ತ ನಿಂತರೆ ಏಳನೆಯದು ಹಾರಿಬಿಡುತ್ತದೆ.

ಮರೆವ್ವ ರಿಮೋಟನ್ನು ಕಟ್ಟೆಯ ಮೇಲಿಟ್ಟಳು. ಮೆಟ್ಟಿಲಿಳಿದು ತಂತಿಯ ಗೇಟು ತಳ್ಳಿ ಬಯಲಿಗೆ ನಡೆದಳು.

"ಏ, ಎಲ್ಲಿಗೆ? ಡಬ್ಬಿ ಅವನು ತರ್ತಾನೆ," ಎಂದು ಪಟ್ಟಣಶೆಟ್ಟಿ ಹಿಂದಿನಿಂದ ಕೂಗಿದ.

ಕೆಂಪು ದೀಪ ಹತ್ತಿತು. "ಪರೀಕ್ಷಾ ಬಯಲಿನಲ್ಲಿ ವ್ಯಕ್ತಿ ಇದ್ದಾರೆ. ಸುರಕ್ಷತೆಯ ದೃಷ್ಟಿಯಿಂದ ಹಾರಾಟ ತಡೆಹಿಡಿಯಲಾಗಿದೆ."

ಮೂರನೆಯ ಸಾಲಿನ ಒಂದು ಗೊಂಬೆಯನ್ನು ಪಕ್ಕಕ್ಕೆ ಸರಿಸಿ ಮರೆವ್ವ ಆ ಜಾಗದಲ್ಲಿ ಕಾಲು ಮಡಿಚಿ ಕೂತಳು. ಫೋನು ತೆಗೆದು ಅಣ್ಣನಿಗೆ ಮಾಡಿದಳು.

"ಯಣ್ಣ, ನಾ ಒಲ್ಲೆ ಅಂದೆ."

ಆ ಕಡೆಯಿಂದ ಒಂದು ಬೈಗುಳ ಬಂತು. ಹುಟ್ಟಿದಂದಿನಿಂದ ಅವನು ಅವಳನ್ನು ಹಾಗೆ ಬೈದಿರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೈ. ಬೈದು ಮುಗಿಸಿ ಟೆಂಟಿಗೆ ಹೋಗು. ನಾನೂರು ಮಂದಿ ಅದಾರ. ಎಲ್ಲಾರನ್ನೂ ಕರಕೊಂಡು ಆಸ್ಪತ್ರಿಗೆ ಹೊಳ್ಳಿ ಹೋಗು. ಅತ್ತಿಗೀನ ಮಂಚದ ಸಮೇತ ಎತ್ತರಿ. ಆಂಬುಲೆನ್ಸಿನ್ಯಾಗ ಹಾಕ್ರಿ. ಕಾಗದ ಕೇಳಿದ್ರ ನಾನೂರು ಮಂದೀನೂ ಹಿಡೀರಿ ಅನ್ನು. ಇವರ ವಿಮಾನ ಇವತ್ತು ಮಂದಿ ತಲಿ ದಾಟೂದಿಲ್ಲ ಯಣ್ಣ. ಬರೇ ಒಂದು ಸಾಲು. ಒತ್ತಿ ಕುಂತು, ಒತ್ತಿ ನಡೀರಿ. ಅಂಚಿನ್ಯಾಗ ಯಾರೂ ಒಬ್ಬೊಬ್ಬರ ನಿಲ್ಲಬ್ಯಾಡ್ರಿ."

ಆಮೇಲೆ ನಿಂಗಪ್ಪ ಯಾರನ್ನೋ ಹೆಸರು ಹಿಡಿದು ಕೂಗಿದ್ದು ಕೇಳಿತು. ಫೋನು ಕಡಿಯಿತು. ಹೋದನೋ, ಕುಸಿದು ಕೂತನೋ ಗೊತ್ತಾಗಲಿಲ್ಲ.

ಪಟ್ಟಣಶೆಟ್ಟಿ ಗೊಂಬೆಗಳ ನಡುವೆ ಎಡವುತ್ತ ಬಂದ. ಕೈಯಲ್ಲಿ ಆ ಕಾಗದ. ಹಿಂದೆ ಇಬ್ಬರು ಕಾವಲಿನವರು, ಅವರ ಹಿಂದೆ ವಿನುತಾ. ಧ್ವನಿವರ್ಧಕ ಇನ್ನೂ ಇಂಪಾಗಿ ಹೇಳುತ್ತಲೇ ಇತ್ತು, ವ್ಯಕ್ತಿ ಇದ್ದಾರೆ, ವ್ಯಕ್ತಿ ಇದ್ದಾರೆ.

"ಅದನ್ನ ಆರಿಸ್ರೀ ಮೊದಲು!" ಎಂದು ಅವನು ವಿನುತಾಳ ಮೇಲೆ ರೇಗಿದ.

"ಆರಿಸೋಕೆ ಬರಲ್ಲ ಸಾರ್. ಇಲ್ಲಿ ಜೀವ ಇರೋವರೆಗೂ ಹೇಳ್ತಾನೇ ಇರುತ್ತೆ."

"ನಗರಸಭಿ ಮುಂದನೂ ಇದೊಂದು ಕಂಬ ನಿಲ್ಲಸಬೇಕಿತ್ರಿ," ಎಂದಳು ಮರೆವ್ವ.

ಪಟ್ಟಣಶೆಟ್ಟಿ ಕಾಗದವನ್ನು ಅವಳ ಮುಖದ ಮುಂದೆ ಹಿಡಿದ. "ಇನ್ನು ಎರಡು ಗಂಟೆ. ನಿಮ್ಮತ್ತಿಗೆ ಕುರುಡಿಯಾದರೆ ಅದಕ್ಕೆ ನೀನೇ ಕಾರಣ. ನಾನಲ್ಲ. ನೆನಪಿಟ್ಟುಕೋ."

ಮರೆವ್ವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಡಬ್ಬಿ ನಿಮ್ಮದು. ಕೇಸು ನಿಮ್ಮದು. ಬಾಗಲದಾಗ ಕುಂತ ಪೊಲೀಸು ನಿಮ್ಮಾಕಿ. ಸಹಿ ನಿಮ್ಮ ಕಿಸೆದಾಗಿನ ಪೆನ್ನಿನ್ಯಾಗ ಐತಿ. ಹಾಕ್ರಿ. ಅದಕ್ಕ ನನ್ನ ಕೈ ಯಾಕ ಬೇಕು ನಿಮಗ?"

"ಕಡೇ ಸಲ ಹೇಳ್ತಿದ್ದೇನೆ. ಏಳು. ಹೋಗಿ ರಿಮೋಟ್ ಹಿಡಿ."

ಕಾವಲಿನವರಲ್ಲಿ ಒಬ್ಬ ಅವಳ ರಟ್ಟೆಗೆ ಕೈ ಹಾಕಿದ. ಮರೆವ್ವ ಎರಡೂ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಿಚಿಕೊಂಡು, ಮೈಭಾರವನ್ನೆಲ್ಲ ನೆಲಕ್ಕೆ ಬಿಟ್ಟಳು.

"ಹಿಡಿಯೂದಿಲ್ಲ," ಎಂದಳು. "ಏಳೂದೂ ಇಲ್ಲ."